ಉಮ್ರಾಕ್ಕೆ ಹೊರಟವರ ಗಾಡಿ

ಸಹೋದರಿಯರೇ, ನಮ್ಮ ಹಲಗೇರಿ ಕಡೆ ಒಬ್ಬರು ಉಮ್ರಾಕ್ಕೆ ಹೊರಟರೆ ಬೀಳ್ಕೊಡಲು ಹತ್ತು ಮಂದಿ ಗಾಡಿ ಹತ್ತುತ್ತಾರೆ. ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು 300 ಕಿ.ಮೀ. ದೂರ. ಇಹ್ರಾಮಿನ ಬಟ್ಟೆಯನ್ನು ತಿಂಗಳ ಮೊದಲೇ ತಂದಿಡುವ ನಾವು ಗಾಡಿಯನ್ನು ಮಾತ್ರ ಹಿಂದಿನ ದಿನ ಹುಡುಕುತ್ತೇವೆ.

ಆಗ ಸಿಗುವುದು ಪರಿಚಯದವರ ಬಿಳಿ ನಂಬರ್ ಪ್ಲೇಟಿನ ಕಾರು. ಬಾಡಿಗೆಗೆ ಓಡಬೇಕಾದುದು ಹಳದಿ ಪ್ಲೇಟಿನ ವಾಹನ. ಸ್ವಂತ ಬಳಕೆಯ ಕಾರು ಬಾಡಿಗೆಗೆ ಹೋಗಿ ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ.

ಬಾಡಿಗೆ ಮೊದಲೇ ಗೊತ್ತುಮಾಡಿ. ಟೋಲ್ ಯಾರದು, ಖಾಲಿ ಗಾಡಿ ಹಿಂತಿರುಗುವ ಖರ್ಚು ಯಾರದು ಎಂಬುದನ್ನೂ ಬಿಡಬೇಡಿ. ಇಜಾರಾದಲ್ಲಿ ಕೂಲಿ ಎಷ್ಟೆಂದು ತಿಳಿದಿರಬೇಕು ಎನ್ನುತ್ತದೆ ಫಿಕ್ಹ್. “ತಿಳಿದಷ್ಟು ಕೊಡಿ, ನಮ್ಮವರೇ ತಾನೇ” ಎಂಬ ಸಲುಗೆ ನಿಲ್ದಾಣದ ಬಾಗಿಲಲ್ಲಿ ಜಗಳವಾದದ್ದನ್ನು ಕಂಡಿದ್ದೇನೆ.

ಎಲ್ಲಕ್ಕಿಂತ ಮುಖ್ಯ, ಚಾಲಕನ ನಿದ್ದೆ. ಹಗಲೆಲ್ಲ ದುಡಿದವನನ್ನು ರಾತ್ರಿ ಹೆದ್ದಾರಿಗೆ ಹೊರಡಿಸಬೇಡಿ. ಮುಂದೆ ಕೂತ ಗಂಡಸರು ಇದನ್ನು ಕೇಳುವುದಿಲ್ಲ, ನೀವೇ ಕೇಳಿ. ದಾಬಸ್‌ಪೇಟೆಯಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರಿನ ದಟ್ಟಣೆ ತಪ್ಪುತ್ತದೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಟಿಕೆಟ್ ಇಲ್ಲದವರನ್ನು ಹೇಗೂ ಒಳಗೆ ಬಿಡುವುದಿಲ್ಲ. ದುಆಕ್ಕೆ ಹೇಳಿಕೊಳ್ಳುವುದಿದ್ದರೆ ಮನೆಯ ಹೊಸ್ತಿಲಲ್ಲೇ ಹೇಳಿ ಕಳುಹಿಸಿ.