ಟೈಫಾಯ್ಡ್ ಅಲ್ಲ, ಟೈಫಸ್!



ಮಲೇರಿಯಾದ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿರುವುದನ್ನು ರೊನಾಲ್ಡ್ ರಾಸ್ 1897ರಲ್ಲಿ ಕಂಡುಹಿಡಿದದ್ದು ನಮ್ಮ ಸಿಕಂದರಾಬಾದಿನಲ್ಲೇ. ಇಂದಿಗೂ ಜ್ವರ ಎಂದೊಡನೆ ನಾವು ಬೈಯುವುದು ಸೊಳ್ಳೆಯನ್ನೇ. ಆದರೆ ಉಣ್ಣೆ, ಚಿಗಟ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿಗಳೂ ಜ್ವರ ತರುತ್ತವೆ. ಈ ಜ್ವರಗಳ ಹೆಸರು ಟೈಫಸ್. ಕೊಳಕು ನೀರು, ಆಹಾರದಿಂದ ಬರುವ ಟೈಫಾಯ್ಡೇ ಬೇರೆ, ಇದೇ ಬೇರೆ!

ನಮ್ಮ ದೇಶದಲ್ಲಿ ಮುಖ್ಯವಾಗಿ ಮೂರು ಬಗೆ. ಪೊದೆ, ಹುಲ್ಲಿನಲ್ಲಿರುವ ನುಸಿಮರಿ ಕಚ್ಚಿದರೆ ಸ್ಕ್ರಬ್ ಟೈಫಸ್. ನಾಯಿ ಮೈಮೇಲಿನ ಉಣ್ಣೆಯಿಂದ ಇಂಡಿಯನ್ ಟಿಕ್ ಟೈಫಸ್. ಇಲಿಯ ಚಿಗಟದಿಂದ ಮ್ಯೂರಿನ್ ಟೈಫಸ್. ಮೂರಕ್ಕೂ ಕಾರಣ ಬ್ಯಾಕ್ಟೀರಿಯಾ.

ಪತ್ತೆ ಹಚ್ಚುವುದು ಯಾಕೆ ಕಷ್ಟ? ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ಪ್ಲೇಟ್‌ಲೆಟ್ ಇಳಿಕೆ. ಎಲ್ಲವೂ ಡೆಂಗಿಯಂತೆಯೇ! ಈ ಬ್ಯಾಕ್ಟೀರಿಯಾ ಜೀವಕೋಶದ ಒಳಗೇ ಬೆಳೆಯುವುದರಿಂದ ಮಾಮೂಲಿ ಬ್ಲಡ್ ಕಲ್ಚರ್‌ನಲ್ಲಿ ಸಿಗುವುದಿಲ್ಲ. 1916ರಷ್ಟು ಹಳೆಯದಾದ ವೈಲ್-ಫೆಲಿಕ್ಸ್ ಪರೀಕ್ಷೆ ಅಗ್ಗವಾದರೂ ಎಷ್ಟೋ ರೋಗಿಗಳಲ್ಲಿ ಕಾಯಿಲೆಯನ್ನು ಹಿಡಿಯುವುದಿಲ್ಲ. ಎಲೈಸಾ ಪರೀಕ್ಷೆ ಅದಕ್ಕಿಂತ ಮೇಲು. ಆದರೆ ಅದು ಹುಡುಕುವ ಪ್ರತಿಕಾಯಗಳು ರಕ್ತದಲ್ಲಿ ಮೂಡಲು ಜ್ವರ ಬಂದು ಸುಮಾರು ಒಂದು ವಾರವಾಗಬೇಕು.

ಅದಕ್ಕೂ ಮೊದಲು ಸುಳಿವು ಕೊಡುವುದು ನಮ್ಮ ಚರ್ಮ. ಸ್ಕ್ರಬ್ ಟೈಫಸ್‌ನಲ್ಲಿ ನುಸಿ ಕಚ್ಚಿದ ಕಡೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಾಣಬಹುದು. ಅದು ಕಂಕುಳು, ತೊಡೆಸಂದು, ಎದೆಯ ಕೆಳಗೆ, ಸೊಂಟದ ಸುತ್ತ ಅಡಗಿರುತ್ತದೆ. ಸಾಮಾನ್ಯವಾಗಿ ನೋವಿಲ್ಲದ್ದರಿಂದ ರೋಗಿಗೇ ಗೊತ್ತಿರುವುದಿಲ್ಲ. ಟಿಕ್ ಟೈಫಸ್‌ನಲ್ಲಿ ಅಂಗೈ, ಅಂಗಾಲಿನಲ್ಲೂ ಕೆಂಪು ಗುಳ್ಳೆ ಏಳಬಹುದು. ಕಲೆ ಕಾಣಲಿಲ್ಲವೆಂದು ಕಾಯಿಲೆ ಇಲ್ಲವೆನ್ನುವಂತಿಲ್ಲ.

ಪೆನಿಸಿಲಿನ್ ಜಾತಿಯ ಔಷಧಗಳು ಇಲ್ಲಿ ನಾಟುವುದಿಲ್ಲ. ಬೇಕಾದದ್ದು ಅಗ್ಗದ ಡಾಕ್ಸಿಸೈಕ್ಲಿನ್. ಹೊತ್ತಿಗೆ ಸರಿಯಾಗಿ ಕೊಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೆ ಪೆಟ್ಟು ಬಿದ್ದು ಜೀವಕ್ಕೇ ಅಪಾಯ. ಆದ್ದರಿಂದಲೇ, ಬಲವಾದ ಅನುಮಾನವಿದ್ದರೆ ಲ್ಯಾಬ್ ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡಿ ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿ. ಹಾಗೆಂದು ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಉಣ್ಣೆಯಿಂದಲೇ ಹರಡುವ ನಮ್ಮ ಮಲೆನಾಡಿನ ಮಂಗನ ಕಾಯಿಲೆಗೆ ಕಾರಣ ವೈರಸ್. ಅದಕ್ಕೆ ಈ ಮಾತ್ರೆ ಕೆಲಸ ಮಾಡದು.

ಗುಣವಾದ ಮೇಲೂ ಒಂದು ಕೆಲಸ ಉಂಟು. ವೈದ್ಯರು ಎರಡು ವಾರ ಬಿಟ್ಟು ಮತ್ತೆ ರಕ್ತ ಕೇಳಿದರೆ ಬೇಸರಿಸದೆ ಕೊಡಿ. ಪ್ರತಿಕಾಯದ ಮಟ್ಟ ಮೊದಲಿಗಿಂತ ನಾಲ್ಕು ಪಟ್ಟು ಏರಿದ್ದರೆ ರೋಗ ಖಚಿತವಾದಂತೆ. ಅದು ದಾಖಲಾಗದಿದ್ದರೆ 'ಯಾವುದೋ ವಿಷಮ ಜ್ವರ' ಎಂದು ಕಡತ ಮುಚ್ಚಿಹೋಗುತ್ತದೆ. ದಾಖಲಾದರೆ, ಆ ಊರಿನಿಂದ ಬರುವ ಮುಂದಿನ ರೋಗಿಯ ಮೇಲೆ ವೈದ್ಯರಿಗೆ ಬೇಗ ಅನುಮಾನ ಬರುತ್ತದೆ.

ರಜೆಗೆ ಬೀದರ, ಕಲಬುರಗಿ, ಶಿವಮೊಗ್ಗ ಕಡೆ ಹೋಗಿಬಂದ ಎರಡು ಮೂರು ವಾರದೊಳಗೆ ಜ್ವರ ಬಂದರೆ, ಹೈದರಾಬಾದಿನ ನಿಮ್ಮ ಡಾಕ್ಟರರು ಕೇಳದಿದ್ದರೂ ಹೇಳಿಬಿಡಿ: ಎಲ್ಲಿಗೆ ಹೋಗಿದ್ದಿರಿ, ಹೊಲದಲ್ಲಿ ಓಡಾಡಿದಿರಾ, ಮನೆಯಲ್ಲಿ ನಾಯಿ ಇದೆಯೇ, ಇಲಿ ಕಾಟ ಇದೆಯೇ. ಮೈಮೇಲೆ ಕಪ್ಪು ಕಲೆ ಇದ್ದರೆ ಸಂಕೋಚ ಬಿಟ್ಟು ತೋರಿಸಿ.