ಮಾತ್ರೆಯಿಂದ ಇನ್ಸುಲಿನ್‌ಗೆ: ಸೂಜಿಗಿಂತ ಊಟದ ಹೊತ್ತಿನದೇ ಚಿಂತೆ

ಅಹಮದಾಬಾದ್: ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ, ಗಿರಾಕಿಗಳೆಲ್ಲ ಉಂಡೆದ್ದ ಮೇಲೆ ಮಧ್ಯಾಹ್ನ ಮೂರೂವರೆಗೆ ತಾವು ಉಣ್ಣುವುದು ಹೋಟೆಲ್ ಉದ್ಯಮದವರ ಹಳೆಯ ರೂಢಿ. ಅಹಮದಾಬಾದ್, ವಡೋದರ, ಸೂರತ್‌ಗಳಲ್ಲಿ ನೆಲೆಸಿರುವ ತುಳು-ಕನ್ನಡಿಗರಲ್ಲಿ ಈ ಉದ್ಯಮವನ್ನೇ ನಂಬಿದವರು ಅನೇಕರು. ಇವರಲ್ಲಿ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಾ ಬಂದವರಿಗೆ ವೈದ್ಯರು ಒಂದು ದಿನ ‘ಇನ್ಸುಲಿನ್ ಶುರು ಮಾಡೋಣ’ ಎಂದಾಗ ಎದೆ ಧಸಕ್ಕೆನ್ನುತ್ತದೆ. ‘ಇನ್ನು ಮೂರು ತಿಂಗಳು ನೋಡೋಣ ಡಾಕ್ಟ್ರೇ, ಪಥ್ಯ ಮಾಡುತ್ತೇನೆ’ ಎಂದು ಎದ್ದು ಬರುತ್ತಾರೆ. ಆ ಮೂರು ತಿಂಗಳು ಮೂರು ವರ್ಷವಾಗುವುದೂ ಉಂಟು.

ಮಾತ್ರೆ ಸೋಲುವುದೇಕೆ?

ಮೇದೋಜೀರಕ ಗ್ರಂಥಿಯ ಬೀಟಾ ಜೀವಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ಹಲವು ಮಾತ್ರೆಗಳು ಈ ಕೋಶಗಳನ್ನೇ ದುಡಿಸುವಂಥವು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ 1998ರಲ್ಲಿ ಫಲಿತಾಂಶ ಪ್ರಕಟವಾದ ಯುಕೆಪಿಡಿಎಸ್ ಅಧ್ಯಯನದ ಪ್ರಕಾರ, ಕಾಯಿಲೆ ಪತ್ತೆಯಾಗುವ ವೇಳೆಗೇ ಈ ಕೋಶಗಳ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ವರ್ಷ ಕಳೆದಂತೆ ಮತ್ತೂ ಇಳಿಯುತ್ತದೆ. ಹೀಗಾಗಿ ಮಾತ್ರೆ ಸೋತರೆ ಅದು ರೋಗಿಯ ತಪ್ಪೇ ಆಗಬೇಕೆಂದಿಲ್ಲ. ಎಲ್ಲರಿಗೂ ಇನ್ಸುಲಿನ್ ಬೇಕಾಗುವುದೂ ಇಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ನೋಡಿ ವೈದ್ಯರು ನಿರ್ಧರಿಸುತ್ತಾರೆ.

‘ಇನ್ಸುಲಿನ್ ಶುರುವಾದ ಮೇಲೆಯೇ ಮಾವನ ಕಾಲು ತೆಗೆದರು’ ಎಂಬಂಥ ಮಾತು ನಮ್ಮವರಲ್ಲಿ ಸಾಮಾನ್ಯ. ಆದರೆ ಕಾಲು, ಕಣ್ಣು, ಕಿಡ್ನಿಗಳನ್ನು ಕೆಡಿಸುವುದು ಇನ್ಸುಲಿನ್ ಅಲ್ಲ. ಅದಕ್ಕೆ ಮೊದಲು ವರ್ಷಗಟ್ಟಲೆ ಏರಿಯೇ ಇದ್ದ ಸಕ್ಕರೆ.

ವೈದ್ಯರಿಗೆ ಹೇಳಬೇಕಾದ ನಿಜ

ಇಂದಿನ ಸೂಜಿ ಕೂದಲೆಳೆಯಷ್ಟು ಸಪೂರ. ಹೋಟೆಲ್‌ನವರಿಗೆ ನಿಜವಾದ ತೊಡಕು ಊಟದ ಹೊತ್ತಿನದು. ದಿನಕ್ಕೆರಡು ಬಾರಿ ಕೊಡುವ ಮಿಶ್ರ ಇನ್ಸುಲಿನ್ ಅನ್ನು ಸಾಮಾನ್ಯವಾಗಿ ಊಟ-ತಿಂಡಿಗೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಗಿರಾಕಿ ಬಂದರೆಂದು ಗಲ್ಲಾದಲ್ಲೇ ಕೂತರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಬೆವರು, ಕೈ ನಡುಕ, ಮಂಕು ಅದರ ಲಕ್ಷಣಗಳು. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ಆದುದರಿಂದ ವೈದ್ಯರೆದುರು ‘ಒಂದು ಗಂಟೆಗೆ ಉಣ್ಣುತ್ತೇನೆ’ ಎಂದು ಸಭ್ಯತೆಗಾಗಿ ಹೇಳದೆ, ಮೂರೂವರೆ ಎಂದು ನಿಜ ಹೇಳುವುದೇ ಲೇಸು. ರಾತ್ರಿ ಒಮ್ಮೆ ಮಾತ್ರ ಕೊಡುವ ದೀರ್ಘಾವಧಿ ಇನ್ಸುಲಿನ್ ಸಹ ಇದ್ದು, ದಿನಚರಿ ತಿಳಿದರೆ ವೈದ್ಯರು ಹೊಂದುವಂಥದ್ದನ್ನು ಆರಿಸುತ್ತಾರೆ. ನವರಾತ್ರಿಯ ಉಪವಾಸ, ತಡರಾತ್ರಿಯ ಗರ್ಬಾಕ್ಕೆ ಮುನ್ನವೂ ಅವರ ಸಲಹೆ ಬೇಕು.

ಬಿಸಿಲು ಮತ್ತು ಸಿರಿಂಜ್

2016ರ ಮೇ 20ರಂದು 48 ಡಿಗ್ರಿ ಕಂಡ ನಗರ ಅಹಮದಾಬಾದ್. ಇನ್ಸುಲಿನ್ ಅನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಫ್ರೀಜರ್‌ನಲ್ಲಿ ಸಲ್ಲದು. ಅಡುಗೆಮನೆಯ ಕಪಾಟು, ನಿಲ್ಲಿಸಿದ ಕಾರು ಎರಡೂ ಬೇಡ. ಫ್ರಿಜ್ ಇಲ್ಲದ ಕೋಣೆಯಲ್ಲಿರುವ ಕೆಲಸಗಾರರು ಸೀಸೆಯನ್ನು ಡಬ್ಬಿಯಲ್ಲಿಟ್ಟು ಒದ್ದೆ ಮಣ್ಣಿನ ಮಡಕೆಯೊಳಗೆ ಇಡಬಹುದು. ಕೊಂಕಣ ರೈಲಿನಲ್ಲಿ ಊರಿಗೆ ಹೊರಟಾಗ ಅದು ತಂಪು ಚೀಲದಲ್ಲಿ, ಕೈಯಲ್ಲೇ ಇರಲಿ.

ಇನ್ನೊಂದು ಎಚ್ಚರಿಕೆ: ಸೀಸೆಯಲ್ಲಿ 40 ಯೂನಿಟ್, 100 ಯೂನಿಟ್ ಎಂಬ ಎರಡು ಬಗೆಗಳಿವೆ. 40ಕ್ಕೆ ಕೆಂಪು ಮುಚ್ಚಳದ, 100ಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್. ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಹೆಚ್ಚು-ಕಡಿಮೆಯಾಗುತ್ತದೆ.

ಇನ್ಸುಲಿನ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ದೀರ್ಘಾವಧಿಯ ಗ್ಲಾರ್ಜಿನ್ ಸಹ 2022ರಲ್ಲಿ ಸೇರಿದೆ. ಖರ್ಚಿನ ಚಿಂತೆಯಿರುವವರು ಅಸಾರ್ವಾದ ಸಿವಿಲ್ ಆಸ್ಪತ್ರೆ, ವಡೋದರದ ಸಯಾಜಿ ಆಸ್ಪತ್ರೆ, ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ ಪರೀಕ್ಷಿಸಿ ಚೀಟಿ ಕೊಡುವುದರ ಜೊತೆಗೆ, ಈಗಾಗಲೇ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಹಿರಿಯರೊಬ್ಬರು ನಮ್ಮದೇ ಭಾಷೆಯಲ್ಲಿ ನಾಲ್ಕು ಮಾತು ಹೇಳಿ, ಚುಚ್ಚಿಕೊಳ್ಳುವ ಬಗೆ ತೋರಿಸಿದರೆ ಎಷ್ಟೋ ಮಂದಿಯ ಭಯ ಅಲ್ಲೇ ಇಳಿದೀತು. ಗಿರಾಕಿಗೆ ಹೊತ್ತಿಗೆ ಸರಿಯಾಗಿ ಬಡಿಸುವವರು ತಮ್ಮ ತಟ್ಟೆಗೂ ಒಂದು ಹೊತ್ತು ಗೊತ್ತು ಮಾಡಿಕೊಂಡರೆ ಅರ್ಧ ಚಿಕಿತ್ಸೆ ಆದಂತೆಯೇ.