ಮನೆಯ ನೆನಪುಗಳಿಗೆ ಯಾವ ಪೆಟ್ಟಿಗೆ?

1956ನೆಯ ಇಸವಿಯನ್ನು ಗಡಿನಾಡ ಕನ್ನಡಿಗರಾದ ನಾವು ಮರೆಯುವಂತಿಲ್ಲ. ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ, ಜಹೀರಾಬಾದ್‌ಗಳೂ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರೂ ಆಂಧ್ರಕ್ಕೆ ಸೇರಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಐವತ್ತು ತಟ್ಟೆಗಳಿದ್ದ, ಸುಮಾರು ಒಂದು ಟನ್ ಭಾರದ ಆ ಯಂತ್ರ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಲ್ಲಿ ಅಡಗುವ ಒಂದು ಟೆರಾಬೈಟಿನ ಎಸ್‌ಎಸ್‌ಡಿಯು ಅದರ ಸುಮಾರು ಎರಡು ಲಕ್ಷ ಪಟ್ಟು ಹಿಡಿಯುತ್ತದೆ.

ನಮ್ಮ ಮನೆಗಳಲ್ಲಿ ಕಾಪಿಡಬೇಕಾದುದು ಬಹಳವಿದೆ. ಹಿರಿಯರ ಕಾಲದ ಹೊಲದ ಕಾಗದಪತ್ರಗಳು, ಮದುವೆಯ ವೀಡಿಯೋಗಳು, ಅಜ್ಜಿಯರು ಹಾಡಿದ ಬೀಸುವ ಪದಗಳ ಕ್ಯಾಸೆಟ್ಟುಗಳು. ತೆಲುಗು, ಇಂಗ್ಲಿಷ್ ಮಾಧ್ಯಮಗಳಲ್ಲಿ ಓದುವ ಮೊಮ್ಮಕ್ಕಳಿಗೆ ಮನೆಮಾತಿನ ಹಳೆಯ ಧ್ವನಿ ಕೇಳಸಿಗುವುದು ಎಷ್ಟೋ ಮನೆಗಳಲ್ಲಿ ಇವುಗಳಿಂದಲೇ. ಇವನ್ನೆಲ್ಲ ತುಂಬಿಡಲು ಎಸ್‌ಎಸ್‌ಡಿ ಕೊಳ್ಳಬೇಕೆ ಎಂಬುದು ಆದಕಾರಣ ಸಣ್ಣ ಪ್ರಶ್ನೆಯಲ್ಲ.

ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಕಾಂತಶಕ್ತಿಯಿಂದ ಮಾಹಿತಿ ಮೂಡುತ್ತದೆ. ಬೆಲೆ ಕಡಿಮೆ, ಆದರೆ ಕೆಳಗೆ ಬಿದ್ದರೆ ಅಪಾಯ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸೂಕ್ಷ್ಮ ಕೋಶಗಳಲ್ಲಿ ನಿಂತ ವಿದ್ಯುದಂಶವೇ ಅದರ ಬರಹ. ವೇಗ ಹೆಚ್ಚು, ಪ್ರಯಾಣಕ್ಕೂ ತಾಳುತ್ತದೆ. ಆದರೆ ವಿದ್ಯುತ್ತಿನ ಸಂಪರ್ಕವಿಲ್ಲದೆ ಬಹುಕಾಲ ಇಟ್ಟರೆ ಆ ವಿದ್ಯುದಂಶ ಸೋರಬಹುದು. ಬರೆದು ಬರೆದು ಆಯುಸ್ಸು ತೀರಿದ ಗೃಹಬಳಕೆಯ ಎಸ್‌ಎಸ್‌ಡಿ, 30 ಡಿಗ್ರಿ ಶಾಖದಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಂಡರೆ ಸಾಕೆಂಬುದು ಉದ್ಯಮದ ಮಾನದಂಡ. ಹೊಸದು ಇದಕ್ಕಿಂತ ಹೆಚ್ಚು ಕಾಲ ಬಾಳುವುದು ನಿಜ. ಆದರೂ ನಮ್ಮ ಬೇಸಗೆಯ ಬಿಸಿಲನ್ನು ನೆನೆದರೆ, ಅಟ್ಟದ ಟ್ರಂಕಿನಲ್ಲಿಟ್ಟು ಮರೆಯತಕ್ಕ ವಸ್ತು ಅದಲ್ಲವೆಂಬುದು ತಿಳಿಯುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಗಾಜಿನ ತುಂಡೊಂದರಲ್ಲಿ 'ಸೂಪರ್‌ಮ್ಯಾನ್' ಚಲನಚಿತ್ರವನ್ನೇ ಅಡಗಿಸಿ ತೋರಿಸಿತು. ಅದು ನಮ್ಮ ಅಂಗಡಿಗಳಿಗೆ ಬರುವವರೆಗೆ ಕಾಯುತ್ತ ಕೂಡುವಂತಿಲ್ಲ.

ಏಕೆಂದರೆ ಕಾಲ ನಮಗಾಗಿ ನಿಲ್ಲದು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಸಂಸ್ಥೆಯಾದ ಜಪಾನಿನ ಫುನಾಯ್ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ತಾಂಡೂರಿನ ಕಲ್ಲಿನ ಮೇಲೆ ಕೊರೆದ ಅಕ್ಷರವನ್ನು ಕಣ್ಣೇ ಓದುತ್ತದೆ. ಕ್ಯಾಸೆಟ್ಟಿಗಾದರೋ ಯಂತ್ರ ಬೇಕು. ಆದುದರಿಂದ ಕೈಯಲ್ಲಿರುವ ಹಣದ ಮೊದಲ ಪಾಲು ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಲು ಸಲ್ಲಬೇಕು.

ಉಳಿದ ಹಣದಲ್ಲಿ ಎರಡು ಹಾರ್ಡ್ ಡಿಸ್ಕುಗಳನ್ನು ಕೊಳ್ಳುವುದು ಲೇಸು. ಒಂದು ನಮ್ಮ ಮನೆಯಲ್ಲಿರಲಿ, ಇನ್ನೊಂದು ಬೀದರಿನಲ್ಲೋ ಕಲಬುರಗಿಯಲ್ಲೋ ಇರುವ ಬೀಗರ ಮನೆಯಲ್ಲಿರಲಿ. ನಿತ್ಯದ ಓಡಾಟಕ್ಕೆ ಬೇಕಿದ್ದವರು ಎಸ್‌ಎಸ್‌ಡಿಯನ್ನು ಮೂರನೆಯದಾಗಿ ಕೊಳ್ಳಬಹುದು. ತೀರ ಅಗ್ಗದ ಬೆಲೆಗೆ ಭಾರಿ ಗಾತ್ರವೆಂದು ಮಾರುವುದನ್ನು ನಂಬಬಾರದು. ಯಾವುದನ್ನೇ ಕೊಂಡರೂ ಪೂರ್ತಿ ತುಂಬಿ, ಮರಳಿ ತೆರೆದು ನೋಡಬೇಕು. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸಾರಿಸುವಾಗ, ಎಲ್ಲವನ್ನೂ ತೆರೆದು ಮಕ್ಕಳಿಗೆ ಕೇಳಿಸಬೇಕು. ಮೂಲ ಕಾಗದಗಳನ್ನಂತೂ ಎಸೆಯಲೇಬಾರದು.